ಇ.ಸಿ. ನಿಲ್ ಬಂದಿದೆ ಎಂದು ಹಳೆಯ ಮನೆಗೆ ಮುಂಗಡ ಕೊಡಬೇಡಿ

ಕೊಪ್ಪಳ ಪಟ್ಟಣದ ಹಳೆಯ ಓಣಿಗಳಲ್ಲಿ ಮನೆ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾಗ್ಯನಗರದವರಿಗೂ ಗಂಗಾವತಿಯವರಿಗೂ ಇದು ಅನ್ವಯಿಸುತ್ತದೆ. ಎನ್.ಎ. (ಕೃಷಿಯೇತರ ಪರಿವರ್ತನೆ) ಆಗದ ನಿವೇಶನ, ಮಂಜೂರಾಗದ ಲೇಔಟ್ ಎಂದು ಊರಾಚೆಯ ಮೋಸಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಊರೊಳಗಿನ ಮನೆಯ ವಿಷಯ ಬಂದರೆ ಮಾತ್ರ “ತಾತನ ಕಾಲದ ಆಸ್ತಿ, ತಕರಾರು ಎಲ್ಲಿಂದ ಬರಬೇಕು” ಎಂದು ಸಮಾಧಾನಪಡುತ್ತಾರೆ. ತಾತನ ಕಾಲದ ಆಸ್ತಿಗೇ ತಕರಾರು ಹೆಚ್ಚು.

ಅಂಥದೊಂದು ಮನೆಯಲ್ಲಿ ನಮ್ಮ ಐದು ಲಕ್ಷ ರೂಪಾಯಿ ಸಿಕ್ಕಿಕೊಂಡಿದೆ. ವಿಷಯ ನ್ಯಾಯಾಲಯದಲ್ಲಿರುವುದರಿಂದ ಮಾರುವವರ ಹೆಸರನ್ನೂ ದಲ್ಲಾಳಿಯ ಹೆಸರನ್ನೂ ಬರೆಯುವುದಿಲ್ಲ.

ದಲ್ಲಾಳಿ ತಂದ ಕಡತ ನೋಡಲು ಅಚ್ಚುಕಟ್ಟಾಗಿತ್ತು. ಹಿರಿಯ ಮಗನ ಫೋಟೋ ಇರುವ ಇ-ಖಾತಾ, ಬಾಕಿಯಿಲ್ಲದ ತೆರಿಗೆ ರಸೀದಿಗಳು, ವಿದ್ಯುತ್ ಬಿಲ್, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ತೆಗೆಸಿದ, ಯಾವ ವ್ಯವಹಾರವೂ ಇಲ್ಲವೆಂದು ‘ನಿಲ್’ ಬಂದ ಋಣಭಾರ ಪ್ರಮಾಣಪತ್ರ (ಇ.ಸಿ.) ಎಲ್ಲವೂ ಅದರಲ್ಲಿದ್ದವು. ಇವುಗಳ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಟ್ಟ ಒಂದು ಉರ್ದು ಕಾಗದ. “ನಿಜಾಮರ ಕಾಲದ್ದು ಅಣ್ಣ, ಇದಕ್ಕಿಂತ ಗಟ್ಟಿ ದಾಖಲೆ ಬೇಕೇ?” ಎಂದ ದಲ್ಲಾಳಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರು ನಮ್ಮದು, ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಉರ್ದು ಕಾಗದ ಸಿಗುವುದು ಸಹಜವೇ. ನಿವೃತ್ತ ಉರ್ದು ಶಿಕ್ಷಕರೊಬ್ಬರಿಗೆ ತೋರಿಸಿದೆವು. ಅವರು ಓದಿ ನಕ್ಕರು. ಅದು ಯಾವಾಗಲೋ ಕಂದಾಯ ಕಟ್ಟಿದ ಪಾವತಿಯಷ್ಟೇ. ಓದಲು ಬಾರದ ಕಾಗದಕ್ಕೆ ನಮ್ಮಲ್ಲಿ ಇರುವ ಗೌರವ ಓದಲು ಬರುವ ಕಾಗದಕ್ಕಿಲ್ಲ! ಇರಲಿ, ಮನೆ ಮಾರುವವರ ತಂದೆಯದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಖರೀದಿ ಪತ್ರವೂ ಇತ್ತು. ತೊಡಕಿದ್ದದ್ದು ತಂದೆಯ ನಂತರ ಮನೆ ಯಾರದು ಎಂಬಲ್ಲಿ.

ಅದನ್ನೂ ಕೇಳಿದ್ದೆವು. “ನಿಮ್ಮ ತಂದೆಗೆ ಮಕ್ಕಳೆಷ್ಟು?” ಎಂದಾಗ ಹಿರಿಯ ಮಗ ಒಂದು ಕ್ಷಣವೂ ತಡೆಯದೆ “ನಾವು ಇಬ್ಬರೇ” ಎಂದರು. ವಂಶಾವಳಿಯಲ್ಲೂ ಹಾಗೆಯೇ ಇತ್ತು, ಅದರ ಹಿಂದೆ ನೋಟರಿ ಮಾಡಿಸಿದ ಪ್ರಮಾಣಪತ್ರವೂ ಇತ್ತು. ತಮ್ಮ ಪಕ್ಕದಲ್ಲೇ ಕುಳಿತು ತಲೆಯಾಡಿಸಿದ. ಇಬ್ಬರೂ ಕರಾರು ಪತ್ರಕ್ಕೆ ಸಹಿ ಹಾಕಿದರು, ನಾವು ಮುಂಗಡ ಕೊಟ್ಟೆವು.

ಕಿಟಕಿಗಳ ಅಳತೆ ತೆಗೆದುಕೊಳ್ಳಲು ಹೋದ ದಿನ ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಕೈಗೆ ಅಂಟಿದ ಹಿಟ್ಟನ್ನು ಪಾತ್ರೆಯ ಅಂಚಿಗೆ ಸವರುತ್ತಾ ನನ್ನ ಹೆಂಡತಿಯನ್ನು “ಮನೆ ನೀವೇ ತೆಗೆದುಕೊಂಡಿರೇನು ತಂಗಿ?” ಎಂದು ವಿಚಾರಿಸಿದರು. ಹೌದೆಂದಾಗ, “ಒಳ್ಳೆಯದಾಯಿತು. ಹೆಣ್ಣುಮಕ್ಕಳು ಇಬ್ಬರೂ ಒಪ್ಪಿದರಲ್ಲ, ಅಷ್ಟು ಸಾಕು. ಕುಷ್ಟಗಿಯವಳು ಬಹಳ ಸಿಟ್ಟಿನಲ್ಲಿದ್ದಳು” ಎಂದರು. ನಗರಸಭೆಯ ಕಡತಕ್ಕೂ ಉಪನೋಂದಣಾಧಿಕಾರಿ ಕಚೇರಿಗೂ ಗೊತ್ತಿಲ್ಲದ ಸಂಗತಿ ಆ ಕಟ್ಟೆಯ ಮೇಲೆ ಸಿಕ್ಕಿತು. ಮನೆ ಕೊಳ್ಳುವವರು ಕಾಗದ ನೋಡುವ ಮೊದಲು ಅಕ್ಕಪಕ್ಕದ ಹಿರಿಯರೊಂದಿಗೆ ಕುಳಿತು ಮಾತಾಡಿ ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಹಿರಿಯ ಮಗನನ್ನು ಕೇಳಿದರೆ ಅವರಿಗೆ ಮುಜುಗರವೂ ಆಗಲಿಲ್ಲ. “ನಾನು ಗಂಡುಮಕ್ಕಳ ಲೆಕ್ಕ ಹೇಳಿದೆ. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಅಲ್ಲಿಗೆ ಅವರ ಪಾಲು ಮುಗಿಯಿತು” ಎಂದರು. ಈ ಮಾತು ಕಟ್ಟೆ ಪಂಚಾಯಿತಿಯಲ್ಲಿ ನಡೆಯಬಹುದು, ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಮನೆ, ಉಯಿಲು ಬರೆಯದೆ ತೀರಿಕೊಂಡಿದ್ದಾರೆ, ತಾಯಿಯೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಾಲ್ಕೂ ಮಕ್ಕಳಿಗೆ ಸಮಪಾಲು. ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿಯಿಂದ ಬಂದದ್ದು, ಹಳೆಯದಕ್ಕೆ ಅನ್ವಯಿಸುವುದಿಲ್ಲ ಎಂದು ವಾದಿಸುವವರಿದ್ದಾರೆ. ಆ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ವಿಚಾರ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು ಮೊದಲಿನಿಂದಲೂ ಇದೆ. ಆಕೆ ಪಾಲು ಬೇಡವೆಂದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಬಾಯಿಮಾತಿನ ಒಪ್ಪಿಗೆಗೂ ವಾಟ್ಸ್‌ಆ್ಯಪ್ ಸಂದೇಶಕ್ಕೂ ಬೆಲೆಯಿಲ್ಲ.

ಹಾಗಾದರೆ ಇ.ಸಿ. ಏಕೆ ಸ್ವಚ್ಛವಾಗಿತ್ತು? ಹೆಚ್ಚಿನವರು ಎಡವುವುದು ಇಲ್ಲಿಯೇ. ಋಣಭಾರ ಪ್ರಮಾಣಪತ್ರ ಹೇಳುವುದು ಒಂದೇ ಸಂಗತಿ: ಈ ಅವಧಿಯಲ್ಲಿ ಈ ಆಸ್ತಿಯ ಮೇಲೆ ಯಾವ ಪತ್ರಗಳು ನೋಂದಣಿಯಾಗಿವೆ ಎಂಬುದು. ವ್ಯವಹಾರವಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ತಂದೆ ಕೊಂಡ ಮೇಲೆ ಮಾರಾಟವಾಗದೆ, ಅಡವಿಡದೆ ಮಕ್ಕಳಿಗೆ ಬಂದ ಮನೆಗೆ ನಮೂನೆ 16 ಬರದೆ ಇನ್ನೇನು ಬರುತ್ತದೆ? ಅದು ಖಾಲಿ ಹಾಳೆ. ಸಾವು ನೋಂದಣಿಯಾಗುವ ಪುಸ್ತಕವೇ ಬೇರೆ, ವಾರಸುದಾರರು ಎಷ್ಟು ಮಂದಿ ಎಂಬುದು ಇ.ಸಿ.ಯಲ್ಲಿ ಬರುವುದಿಲ್ಲ. ನ್ಯಾಯಾಲಯದ ದಾವೆ, ನೋಂದಣಿಯಾಗದ ಉಯಿಲು, ಮನೆಯೊಳಗೇ ಬರೆದುಕೊಂಡ ವಾಟ್ನಿ (ಪಾಲು) ಪತ್ರ, ಬ್ಯಾಂಕಿನಲ್ಲಿ ಬರೀ ಮೂಲಪತ್ರ ಇಟ್ಟು ಪಡೆದ ಸಾಲ, ಇವು ಯಾವುವೂ ಅದರಲ್ಲಿ ಕಾಣದೆ ಹೋಗಬಹುದು. ಇನ್ನೂ ಒಂದು ಮಾತು: ಆನ್‌ಲೈನ್ ಇ.ಸಿ. 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕಿಂತ ಹಿಂದಿನದು ಬೇಕಾದರೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು.

ಖಾತೆಯ ಕಥೆಯೂ ಇದೇ. ಅದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬ ದಾಖಲೆ, ಮಾಲೀಕತ್ವದ ಪತ್ರವಲ್ಲ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ ಎಂಬುದು ನಿಜ, ಆದರೆ ಇ-ಖಾತಾ ಇದ್ದ ಮಾತ್ರಕ್ಕೆ ಹಕ್ಕು ಇದೆ ಎಂದಲ್ಲ. ಹೆಣ್ಣುಮಕ್ಕಳನ್ನು ಬಿಟ್ಟ ವಂಶಾವಳಿ ಕೊಟ್ಟೇ ಈ ಅಣ್ಣತಮ್ಮಂದಿರು ತಂದೆಯ ಹೆಸರಿನಿಂದ ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಂಡಿದ್ದರು.

ಸಂಡಿಗೆಯ ಅಜ್ಜಿಯ ಮಾತು ಕೇಳಿದ ರಾತ್ರಿಯೇ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿದೆವು. ಏನೂ ಸಿಗಲಿಲ್ಲ. ನಮ್ಮ ಕಡೆ ಬಸವರಾಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ವಿ ಹಾಕಿಯೂ ಬರೆಯುತ್ತಾರೆ, ಡಬ್ಲ್ಯೂ ಹಾಕಿಯೂ ಬರೆಯುತ್ತಾರೆ. ಹಾಗೆ ಒಂದು ಅಕ್ಷರ ಬದಲಿಸಿ ಹುಡುಕಿದಾಗ ದಾವೆ ಪರದೆಯ ಮೇಲೆ ಬಂದಿತು. ಸಹೋದರಿಯರಿಬ್ಬರೂ ಹೂಡಿದ ಪಾಲು ದಾವೆ. ಅಣ್ಣತಮ್ಮಂದಿರ ಪರ ವಕೀಲರು ವಕಾಲತ್ತು ಸಲ್ಲಿಸಿದ ದಿನಾಂಕ ನಮ್ಮ ಕರಾರಿನ ದಿನಾಂಕಕ್ಕಿಂತ ಹಿಂದಿನದು. ಎಲ್ಲ ಗೊತ್ತಿದ್ದೇ ನಮ್ಮೆದುರು ಕುಳಿತು ಚಹಾ ಕುಡಿದಿದ್ದರು.

ನೋಂದಣಿ ಮಾಡಿಸಿಬಿಟ್ಟಿದ್ದರೆ ಮನೆಯಾದರೂ ಕೈಗೆ ಬರುತ್ತಿತ್ತಲ್ಲ ಎಂದು ಬಂಧುಗಳು ಹೇಳಿದರು. ಬರುತ್ತಿರಲಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 52ನೆಯ ಕಲಮಿನಂತೆ ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು, ದಾವೆಯ ವಿಷಯ ಗೊತ್ತಿರಲಿಲ್ಲ ಎಂದರೂ ಅಷ್ಟೇ. ಅಣ್ಣತಮ್ಮಂದಿರ ಅರ್ಧ ಪಾಲನ್ನಷ್ಟೇ ಕೊಳ್ಳೋಣವೆಂದರೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಒಳಗೆ ಬಂದು ಜೊತೆಯಲ್ಲಿ ವಾಸಿಸುವ ಹಕ್ಕನ್ನು ಅದೇ ಕಾಯ್ದೆಯ 44ನೆಯ ಕಲಮು ಕೊಡುವುದಿಲ್ಲ. ಪಾಲು ಬೇರೆ ಮಾಡಿಕೊಡಿ ಎಂದು ಮತ್ತೊಂದು ದಾವೆ ಹೂಡಬೇಕು. ಇದರ ಮೇಲೆ ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲವೂ ನೀರಿಗೆ ಹೋಗುತ್ತಿತ್ತು. ಉಪನೋಂದಣಾಧಿಕಾರಿ ಹಕ್ಕನ್ನು ಪರಿಶೀಲಿಸುತ್ತಾರೆ ಎಂಬುದೂ ತಪ್ಪು ತಿಳುವಳಿಕೆ. ಬರೆದುಕೊಟ್ಟವರು ಇವರೇ ಹೌದೇ, ಶುಲ್ಕ ಕಟ್ಟಿದ್ದಾರೆಯೇ ಎಂದು ನೋಡುವುದು ಅವರ ಕೆಲಸ. ತಮಿಳುನಾಡಿನ ನಿಯಮವೊಂದನ್ನು 2025ರ ಏಪ್ರಿಲ್‌ನಲ್ಲಿ ರದ್ದುಪಡಿಸುವಾಗ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಬ್ಯಾಂಕ್ ಸಾಲ ಮಂಜೂರಾದರೆ ಕಾಗದ ಸರಿ ಎಂದರ್ಥ ಎನ್ನುವವರಿಗೂ ಒಂದು ಮಾತು: ಬ್ಯಾಂಕಿನ ವಕೀಲರು ಬ್ಯಾಂಕಿಗಾಗಿ ನೋಡುತ್ತಾರೆ. ತೊಂದರೆ ಬಂದಾಗಲೂ ಕಂತು ಕಟ್ಟುವವರು ನೀವೇ.

ನಮ್ಮನ್ನು ಅಷ್ಟಿಷ್ಟು ಉಳಿಸಿದ್ದು ನನ್ನ ಹೆಂಡತಿಯ ಹಟ. “ಅರ್ಧ ನಗದು ಕೊಡಿ ಅಕ್ಕ, ಇಬ್ಬರಿಗೂ ಅನುಕೂಲ” ಎಂದು ದಲ್ಲಾಳಿ ಎಷ್ಟು ಹೇಳಿದರೂ ಆಕೆ ಪೂರ್ತಿ ಹಣವನ್ನು ಬ್ಯಾಂಕ್ ಮೂಲಕವೇ ಕಳುಹಿಸಿದಳು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ. ಅದಕ್ಕಿಂತ ಮುಖ್ಯವಾಗಿ, ನಗದು ಕೊಟ್ಟಿದ್ದರೆ ಇಂದು ಅದು ಇಲ್ಲವೇ ಇಲ್ಲ ಎನ್ನುತ್ತಿದ್ದರು.

ಹಣ ವಾಪಸು ಕೇಳಿದಾಗ ಚೆಕ್ ಕೊಟ್ಟರು, ಅದು ಬೌನ್ಸ್ ಆಯಿತು. ಪೊಲೀಸರು “ಇದು ಸಿವಿಲ್ ವ್ಯಾಜ್ಯ” ಎಂದರು. ಚೆಕ್ ಪ್ರಕರಣದಲ್ಲಿ ದಿನಗಳ ಲೆಕ್ಕ ಬಿಗಿಯಾಗಿರುತ್ತದೆ: ಬ್ಯಾಂಕಿನಿಂದ ತಿಳಿವಳಿಕೆ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ನಾವು ಆ ದೂರು ದಾಖಲಿಸಿದ್ದೇವೆ. ಕೊಟ್ಟ ಮುಂಗಡಕ್ಕೆ ಮಾರುವವರ ಪಾಲಿನ ಮೇಲೆ ಕೊಳ್ಳುವವರಿಗೆ ಭಾರದ ಹಕ್ಕು (ಆ ಹಣಕ್ಕೆ ಆ ಪಾಲೇ ಹೊಣೆ) ಇರುತ್ತದೆ ಎಂದು ವಕೀಲರು ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು ತೋರಿಸಿದ್ದಾರೆ, ಹಣ ವಸೂಲಿ ದಾವೆ ಅದರ ಮೇಲೆ ನಿಂತಿದೆ.

ಈಗ ಬರೆಯಲು ಕಾರಣವೂ ಇದೆ. ಅದೇ ಕಡತ, ಅದೇ ಉರ್ದು ಪಾವತಿಯೊಂದಿಗೆ ದಲ್ಲಾಳಿ ಆ ಮನೆಯನ್ನು ಮತ್ತೆ ಗಿರಾಕಿಗಳಿಗೆ ತೋರಿಸುತ್ತಿದ್ದಾನೆ ಎಂದು ಕಳೆದ ವಾರ ತಿಳಿಯಿತು. ಕೊಪ್ಪಳದಲ್ಲಿ ನಿಮಗೆ ಯಾರಾದರೂ ನಿಜಾಮರ ಕಾಲದ ಕಾಗದ ತೋರಿಸಿ ಅವಸರ ಮಾಡಿದರೆ, ತೀರಿಕೊಂಡವರ ಹೆಣ್ಣುಮಕ್ಕಳು ಯಾವ ಊರಿನಲ್ಲಿದ್ದಾರೆ ಎಂದು ಮೊದಲು ಕೇಳಿ.