ಎನ್‌ವಿಡಿಯಾ ಕಂಟೇನರ್ ಟೂಲ್‌ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ ಅನ್ಸಿದ್ದು

ಡಾಕರ್ ತರದ ಕಂಟೇನರ್ ಒಳಗೆ ಎನ್‌ವಿಡಿಯಾ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಸೋಕೆ ಬೇಕಾದ ಟೂಲು ಇದು. ಮೊದ್ಲೇ ಹೇಳ್ಬಿಡ್ತೀನಿ, ಈಗಿನ ವರ್ಷನ್ ಚೆನ್ನಾಗಿದೆ, ಧೈರ್ಯವಾಗಿ ಹಾಕ್ಕೊಳ್ಳಿ. ಆದ್ರೆ ಹಳೇ ಟ್ಯುಟೋರಿಯಲ್ ನೋಡ್ಕೊಂಡು ಸೆಟಪ್ ಮಾಡೋಕೆ ಹೋಗ್ಬೇಡಿ, ಯಾಕಂದ್ರೆ ಈ ಟೂಲು ಒಳಗಿಂದ ಪೂರ್ತಿ ಬದಲಾಗಿದೆ, ಹೆಸರೂ ಸಹ ಮೊದಲಿಂದು ಅಲ್ಲ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಕಂಟೇನರ್ ಅಂದ್ರೆ ಪ್ರೋಗ್ರಾಂ ಬೇರೆಯಾಗಿ ಓಡೋ ಡಬ್ಬಿ ತರ, ಇಮೇಜ್ ಅಂದ್ರೆ ಅದನ್ನ ಶುರು ಮಾಡೋಕೆ ಬೇಕಾದ ಫೈಲುಗಳ ಕಟ್ಟು, ಹೋಸ್ಟ್ ಅಂದ್ರೆ ಅದು ಓಡೋ ಮಿಷಿನ್. ಕಂಟೇನರ್ ಒಳಗೆ ಜಿಪಿಯು ತಾನಾಗೇ ಕಾಣ್ಸಲ್ಲ. ಅದಕ್ಕೆ ಎರಡು ಬೇಕು, ಒಂದು ಹೋಸ್ಟಿನ ಡಿವೈಸ್ ಫೈಲುಗಳು, ಇನ್ನೊಂದು ಡ್ರೈವರ್ ಜತೆ ಬರೋ ಲಿಬ್‌ಕುಡಾ ತರದ ಲೈಬ್ರರಿಗಳು. ಡಿವೈಸ್ ಕೊಡೋದು ಸುಲಭ, ತಲೆನೋವು ಇರೋದು ಲೈಬ್ರರೀಲಿ, ಯಾಕಂದ್ರೆ ಅದು ಹೋಸ್ಟಲ್ಲಿ ಓಡ್ತಿರೋ ಕರ್ನಲ್ ಮಾಡ್ಯೂಲಿನ (ಡ್ರೈವರಿನ ಕರ್ನಲ್ ಒಳಗಿನ ಭಾಗ) ವರ್ಷನ್ನಿಗೇ ಹೊಂದ್ಬೇಕು, ಅದನ್ನ ಇಮೇಜಲ್ಲೇ ತುಂಬ್ಸಿ ಬಿಲ್ಡ್ ಮಾಡಿದ್ರೆ ಬೇರೆ ಡ್ರೈವರ್ ಇರೋ ಮಿಷಿನ್‌ಗೆ ಹೋದ ತಕ್ಷಣ ಕೈ ಕೊಡತ್ತೆ. ಅದಕ್ಕೇ ಈ ಟೂಲ್‌ಕಿಟ್ ಕಂಟೇನರ್ ಶುರುವಾಗೋ ಹೊತ್ತಿಗೆ ಹೋಸ್ಟಿನ ಲೈಬ್ರರಿಗಳನ್ನ ಒಳಗೆ ಮೌಂಟ್ ಮಾಡತ್ತೆ. ಎಎಂಡಿ ಕಡೆ ಇಷ್ಟು ರಗಳೆ ಇಲ್ಲ, ಕೆಎಫ್‌ಡಿ ಮತ್ತೆ ಡಿಆರ್‌ಐ ಡಿವೈಸ್ ಒಳಗೆ ಕೊಟ್ರೆ ಉಳಿದಿದ್ದು ಇಮೇಜಲ್ಲೇ ಇರತ್ತೆ.

2016ರ ಹೊತ್ತಿಗೆ ಇದು ಎನ್‌ವಿಡಿಯಾ-ಡಾಕರ್ ಅಂತ ಇತ್ತು, ಡಾಕರ್ ಅಂತ ಟೈಪ್ ಮಾಡೋ ಕಡೆಯೆಲ್ಲ ಆ ಕಮಾಂಡೇ ಕೊಡ್ಬೇಕಿತ್ತು. ಆಮೇಲೆ ಎರಡನೇ ವರ್ಷನ್ ಬಂತು, ಬೇರೆ ರನ್‌ಟೈಮ್ (ಕಂಟೇನರ್ ಕಟ್ಟಿ ಓಡಿಸೋ ಪ್ರೋಗ್ರಾಂ) ಅಂತ ಸೇರಿಸ್ಕೊಂಡ್ರು. 2019ರಲ್ಲಿ ಡಾಕರ್ 19.03 ತನ್ನದೇ ಜಿಪಿಯುಸ್ ಫ್ಲ್ಯಾಗ್ ತಂತು, ಸಾಮಾನ್ಯ ಜನಕ್ಕೆ ಅಲ್ಲಿಂದ ನೆಮ್ಮದಿ. ಹಳೇ ರೆಪೊ ಆರ್ಕೈವ್ ಆಗಿ ಎಷ್ಟೋ ದಿನ ಆಯ್ತು, ಆದ್ರೂ ಇವತ್ತಿಗೂ ಹೊಸಬರು ಎನ್‌ವಿಡಿಯಾ-ಡಾಕರ್2 ಇನ್‌ಸ್ಟಾಲ್ ಮಾಡೋದು ಹೇಗೆ ಅಂತಾನೇ ಕೇಳ್ತಾರೆ, ಬೇಜಾರಾಗತ್ತೆ. ಈಗ ಎನ್‌ವಿಡಿಯಾ-ಸಿಟಿಕೆ ಅನ್ನೋ ಒಂದು ಕಮಾಂಡಿದೆ, ಡಾಕರ್ ಕಾನ್ಫಿಗ್ ಅದೇ ಬರೆಯತ್ತೆ. ಮುಂಚೆ ಜೇಸನ್ ಫೈಲ್ ಕೈಯಲ್ಲೇ ತಿದ್ದೋ ಕಾಲದಲ್ಲಿ ಒಂದು ಅಲ್ಪವಿರಾಮ (ಕಾಮಾ) ಬಿಟ್ರೂ ಡಾಕರ್ ಸರ್ವೀಸೇ ಏಳ್ತಿರ್ಲಿಲ್ಲ.

ಇನ್ನು ಅಸಲಿ ವಿಷ್ಯ. ಹಳೇ ವಿಧಾನದಲ್ಲಿ ಎಲ್ಲಾ ಕಣ್ಣಿಗೆ ಕಾಣದ ಹಾಗೆ ನಡೀತಿತ್ತು. ಡಾಕರ್ ಕೆಳಗಿರೋ ರನ್‌ಸಿ ಕಂಟೇನರ್ ಕಟ್ತಿರೋವಾಗ ಮಧ್ಯದಲ್ಲಿ ಒಂದು ಹುಕ್ (ಸಣ್ಣ ಪ್ರೋಗ್ರಾಂ) ಓಡಿ, ಡಿವೈಸು, ಲೈಬ್ರರಿ, ಸಿಗ್ರೂಪ್ (ಯಾರಿಗೆ ಯಾವ ಡಿವೈಸ್ ಸಿಗ್ಬೇಕು ಅಂತ ಲಿನಕ್ಸ್ ಕಾಯೋ ವ್ಯವಸ್ಥೆ) ಪರ್ಮಿಷನ್ನು ಎಲ್ಲಾನೂ ಒಳಗೆ ತೂರಿಸಿಬಿಡತ್ತೆ, ರನ್‌ಸಿಗಾಗ್ಲಿ, ಲಿನಕ್ಸಿನ ಸರ್ವೀಸುಗಳನ್ನ ನೋಡ್ಕೊಳ್ಳೋ ಸಿಸ್ಟಂಡಿಗಾಗ್ಲಿ ಇದ್ರ ಸುದ್ದೀನೇ ಇಲ್ಲ. ಯಾರೋ ಪರಿಚಯದೋರು ರೈಲಲ್ಲಿ ಸೀಟು ಕೊಡಿಸಿದ್ರು, ಚಾರ್ಟಲ್ಲಿ ಹೆಸರಿಲ್ಲ, ಟಿಟಿಇ ಬರೋ ತನಕ ಆರಾಮು, ಆ ತರ. ಇಲ್ಲಿ ಟಿಟಿಇ ಅಂದ್ರೆ ಸಿಸ್ಟಂಡಿಯ ಡೀಮನ್-ರೀಲೋಡ್, ಅಂದ್ರೆ ಅದು ತನ್ನ ಸೆಟ್ಟಿಂಗ್ ಮತ್ತೆ ಓದೋದು. ಯಾವುದೋ ಪ್ಯಾಕೇಜ್ ಅಪ್‌ಡೇಟ್ ಆಗಿ ರೀಲೋಡ್ ಆಯ್ತು ಅಂದ್ರೆ ಸಿಸ್ಟಂಡಿ ತನಗೆ ಗೊತ್ತಿರೋ ಪರ್ಮಿಷನ್ ಮಾತ್ರ ಮತ್ತೆ ಹಾಕತ್ತೆ, ಓಡ್ತಿರೋ ಕಂಟೇನರಿಂದ ಜಿಪಿಯು ಮಾಯ, ಎನ್‌ವಿಎಂಎಲ್ (ಜಿಪಿಯು ಸ್ಥಿತಿ ತಿಳಿಸೋ ಲೈಬ್ರರಿ) ಅನ್‌ನೋನ್ ಎರರ್ ಅಂತ ಬರತ್ತೆ. ಕಂಟೇನರ್ ಹೊಸದಾಗಿ ಶುರು ಮಾಡಿದ್ರೆ ಸರಿಹೋಗೋದ್ರಿಂದ ಎಷ್ಟೋ ಜನ ಕಾರಣ ಹುಡುಕೋಕೇ ಹೋಗಲ್ಲ, ಜಿಪಿಯು ಹಾಳಾಗಿದೆ ಅಂತ ಕಾರ್ಡ್ ಬಿಚ್ಚಿ ಹಾಕೋರೂ ಇದಾರೆ. ಇದು ಟೂಲ್‌ಕಿಟ್‌ನ ಅಧಿಕೃತ ಟ್ರಬಲ್‌ಶೂಟಿಂಗ್ ಪುಟದಲ್ಲೇ ಇರೋ ಸಮಸ್ಯೆ, ಗುಟ್ಟೇನಲ್ಲ. ಸಿಗ್ರೂಪ್ ಕೆಲ್ಸ ಸಿಸ್ಟಂಡಿ ಕೈಗೆ ಕೊಡದ ಹಾಗೆ ಡಾಕರನ್ನ ಸಿಗ್ರೂಪ್‌ಎಫ್‌ಎಸ್ ಡ್ರೈವರ್‌ಗೆ ಬದಲಾಯಿಸೋದು ತಾತ್ಕಾಲಿಕ ಪರಿಹಾರ, ಸರಿಯಾದ ಪರಿಹಾರ ಅಂದ್ರೆ ಸಿಡಿಐ.

ಸಿಡಿಐ ಅಂದ್ರೆ ಕಂಟೇನರ್ ಡಿವೈಸ್ ಇಂಟರ್‌ಫೇಸ್. ಯಾವ ಡಿವೈಸು, ಯಾವ ಲೈಬ್ರರಿ ಫೈಲು, ಯಾವ ಹುಕ್ಕು ಒಳಗೆ ಹೋಗ್ಬೇಕು ಅಂತ ಒಂದು ಯಾಮಲ್ ಫೈಲಲ್ಲಿ (ಓದೋಕಾಗೋ ಟೆಕ್ಸ್ಟ್ ಫೈಲು) ಬರೆದಿರತ್ತೆ, ರನ್‌ಟೈಮ್ ಅದನ್ನ ಓದಿ ತಾನೇ ಹಾಕತ್ತೆ. ಈಗ ಹೆಸರು ಚಾರ್ಟಲ್ಲಿದೆ. ನನಗೆ ಇದು ಇಷ್ಟ ಆಗೋಕೆ ಮುಖ್ಯ ಕಾರಣ ವೇಗ ಗೀಗ ಅಲ್ಲ, ಫೈಲ್ ತೆಗೆದು ಓದ್ಬೋದು ಅನ್ನೋದು. ಏನೋ ಕೆಲ್ಸ ಮಾಡ್ತಿಲ್ಲ ಅಂದ್ರೆ ಆ ಲೈಬ್ರರಿ ಲಿಸ್ಟಲ್ಲಿದ್ಯಾ ಇಲ್ವಾ ಅಂತ ನೋಡಿದ್ರೆ ಅರ್ಧ ಸಮಸ್ಯೆ ಅಲ್ಲೇ ಗೊತ್ತಾಗತ್ತೆ. ಡಾಕರ್ ತರದ್ದೇ ಇನ್ನೊಂದು ಟೂಲಾದ ಪಾಡ್‌ಮ್ಯಾನ್ ಬಳಸೋರಿಗಂತೂ ಇದೇ ದಾರಿ, ರೂಟ್ ಇಲ್ದೇನೂ ಚೆನ್ನಾಗಿ ಓಡತ್ತೆ.

ಒಂದು ಕೊರತೆ ಇತ್ತು, ಲೈಬ್ರರಿ ಫೈಲುಗಳ ಹೆಸರಲ್ಲೇ ಡ್ರೈವರ್ ವರ್ಷನ್ ಇರೋದ್ರಿಂದ ಡ್ರೈವರ್ ಅಪ್‌ಡೇಟ್ ಆದ ತಕ್ಷಣ ಹಳೇ ಯಾಮಲ್ ದಂಡ, ಮತ್ತೆ ಜನರೇಟ್ ಮಾಡ್ಬೇಕು. 1.18ರಿಂದ ಸಿಡಿಐ-ರಿಫ್ರೆಶ್ ಅಂತ ಒಂದು ಸರ್ವೀಸ್ ಜತೇಲೇ ಬರತ್ತೆ, ಡ್ರೈವರ್ ಬದಲಾದ್ರೆ, ರೀಬೂಟ್ ಆದ್ರೆ ತಾನೇ ಫೈಲ್ ಬರೆದುಕೊಳ್ಳತ್ತೆ. ಎಂಐಜಿ (ಒಂದು ಜಿಪಿಯುನ ಹಾರ್ಡ್‌ವೇರಲ್ಲೇ ಭಾಗ ಮಾಡೋ ಸೌಲಭ್ಯ) ಪಾರ್ಟಿಷನ್ ಬದಲಾಯಿಸಿದ್ರೆ ಮಾತ್ರ ಆ ಸರ್ವೀಸನ್ನ ನೀವೇ ರೀಸ್ಟಾರ್ಟ್ ಮಾಡ್ಬೇಕು.

ಸೆಕ್ಯೂರಿಟಿ ವಿಷ್ಯದಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳ್ಬೇಕು. 2024ರ ಸೆಪ್ಟೆಂಬರಲ್ಲಿ ಸಿವಿಇ-2024-0132 ಅನ್ನೋ ನಂಬರಿನ ಭದ್ರತಾ ದೋಷ ಹೊರಗೆ ಬಂತು, ವಿಜ್ ಅನ್ನೋ ಸೆಕ್ಯೂರಿಟಿ ಕಂಪನಿಯ ರಿಸರ್ಚರ್‌ಗಳು ಹಿಡಿದಿದ್ದು, 1.16.1ರವರೆಗೆ ಎಲ್ಲಾದಕ್ಕೂ ಅನ್ವಯ, ತೀವ್ರತೆ ಹತ್ತಕ್ಕೆ 9. ಬೇಕಂತಲೇ ತಯಾರಿಸಿದ ಒಂದು ಇಮೇಜ್ ಓಡಿಸಿದ್ರೆ ಹೋಸ್ಟಿನ ಫೈಲ್ ಸಿಸ್ಟಂ ಪೂರ್ತಿ ಅದರ ಕೈಗೆ. ಗಮನಿಸಿ, ಸಿಡಿಐ ಬಳಸ್ತಿದ್ದೋರಿಗೆ ಇದು ತಟ್ಟಲಿಲ್ಲ. 1.16.2ರ ಪ್ಯಾಚ್ ಅರ್ಧಂಬರ್ಧ ಅಂತ ಆಮೇಲೆ ಗೊತ್ತಾಗಿ 2025ರ ಫೆಬ್ರವರೀಲಿ 1.17.4 ಬಿಟ್ರು. ಅದಾದ್ಮೇಲೆ ಜುಲೈನಲ್ಲಿ ಸಿವಿಇ-2025-23266, ಇದು ಇನ್ನೂ ನಾಚಿಕೆಗೇಡು, ಮೂರೇ ಸಾಲಿನ ಡಾಕರ್‌ಫೈಲ್ (ಇಮೇಜ್ ಕಟ್ಟೋ ಸೂಚನೆಗಳ ಫೈಲು) ಸಾಕಿತ್ತು. ಇಮೇಜಲ್ಲಿ ಎಲ್‌ಡಿ ಪ್ರಿಲೋಡ್ ವೇರಿಯಬಲ್ (ಈ ಲೈಬ್ರರಿ ಮೊದ್ಲು ಲೋಡ್ ಮಾಡು ಅಂತ ಹೇಳೋ ಸೆಟ್ಟಿಂಗ್) ಇಟ್ರೆ, ಹೋಸ್ಟ್ ಕಡೆ ರೂಟ್ ಅಧಿಕಾರದಲ್ಲಿ ಓಡೋ ಹುಕ್ಕೇ ಅದನ್ನ ಓದಿ ಇಮೇಜೊಳಗಿನ ಲೈಬ್ರರಿ ಲೋಡ್ ಮಾಡ್ಕೊಳ್ತಿತ್ತು. ಸರಿ ಹೋಗಿದ್ದು 1.17.8ರಲ್ಲಿ. ನಿಮ್ಮ ಸರ್ವರಲ್ಲಿ ಅದಕ್ಕಿಂತ ಹಳೇದಿದ್ರೆ, ಅದೂ ನಾಲ್ಕು ಜನ ಎಲ್ಲೆಲ್ಲಿಂದಲೋ ಇಮೇಜ್ ತಂದು ಓಡಿಸೋ ಕಾಲೇಜ್ ಲ್ಯಾಬ್ ಆಗಿದ್ರೆ, ಇದನ್ನ ಓದೋದು ಬಿಟ್ಟು ಮೊದ್ಲು ಅಪ್‌ಡೇಟ್ ಮಾಡಿ. ಡ್ರೈವರ್ ಅಪ್‌ಡೇಟ್ ಮಾಡಿದ್ರೆ ಇದೂ ಆಗೋಗತ್ತೆ ಅಂತ ಸುಮಾರು ಜನ ಅನ್ಕೊಂಡಿದಾರೆ, ಆಗಲ್ಲ, ಬೇರೆ ಪ್ಯಾಕೇಜು.

ಸಣ್ಣ ಪುಟ್ಟದ್ದು ಇನ್ನೂ ಇದೆ. ವಿಡಿಯೋ ಎನ್‌ಕೋಡಿಂಗಿಗೆ ಎಫ್‌ಎಫ್‌ಎಂಪೆಗ್ ಅನ್ನೋ ಟೂಲ್ ಓಡಿಸಿ ಎನ್‌ಕೋಡ್ ಲೈಬ್ರರಿ ಸಿಗ್ತಿಲ್ಲ ಅಂತ ಬಂದ್ರೆ ಗಾಬರಿ ಬೀಳ್ಬೇಡಿ, ಡೀಫಾಲ್ಟಾಗಿ ಕಂಪ್ಯೂಟ್ ಮತ್ತೆ ಯುಟಿಲಿಟಿ ಮಾತ್ರ ಒಳಗೆ ಬರತ್ತೆ, ಡ್ರೈವರ್ ಕೇಪಬಿಲಿಟೀಸ್ ವೇರಿಯಬಲ್ಲಿಗೆ ವಿಡಿಯೋ ಅಂತಾನೂ ಸೇರಿಸ್ಬೇಕು. ಚಿತ್ರ ಬಿಡಿಸೋಕೆ ಬಳಸೋ ಓಪನ್‌ಜಿಎಲ್, ವಲ್ಕನ್‌ಗೆ ಗ್ರಾಫಿಕ್ಸ್ ಅಂತ ಸೇರಿಸ್ಬೇಕು. ಇನ್ನು ಡ್ರೈವರ್ ಲೈಬ್ರರಿ ಮಿಸ್‌ಮ್ಯಾಚ್ ಅಂತ ಬಂದ್ರೆ ಅದು ಟೂಲ್‌ಕಿಟ್ ತಪ್ಪಲ್ಲ, ಉಬುಂಟು ನಮಗೆ ಗೊತ್ತಾಗದ ಹಾಗೆ ಡ್ರೈವರ್ ಅಪ್‌ಡೇಟ್ ಮಾಡಿರತ್ತೆ, ರೀಬೂಟ್ ಮಾಡಿ, ಮುಂದಕ್ಕೆ ಡ್ರೈವರ್ ಪ್ಯಾಕೇಜ್ ತಾನಾಗೇ ಅಪ್‌ಡೇಟ್ ಆಗದ ಹಾಗೆ ಹೋಲ್ಡಲ್ಲಿಡಿ.

ಎಲ್ಲರೂ ಕೇಳೋ ಇನ್ನೊಂದು, ಒಂದು ಕಾರ್ಡನ್ನ ಇಬ್ಬರಿಗೆ ಹಂಚೋದು. ಕೊಡ್ಬೋದು, ಆದ್ರೆ ಗೋಡೆ ಇರಲ್ಲ. ಡಾಕರಿನ ಮೆಮೊರಿ ಲಿಮಿಟ್ ರ‍್ಯಾಮಿಗೆ ಮಾತ್ರ, ವಿಆರ್‌ಎಎಂಗೆ (ಕಾರ್ಡಿನ ಸ್ವಂತ ಮೆಮೊರಿ) ಅಲ್ಲ, ಹಾಗಾಗಿ ಒಬ್ಬ ಪೂರ್ತಿ ನುಂಗಿದ್ರೆ ಇನ್ನೊಬ್ಬನಿಗೆ ಔಟ್ ಆಫ್ ಮೆಮೊರಿ. ನಿಜವಾದ ವಿಭಜನೆ ಬೇಕಂದ್ರೆ ಎ100 ತರದ ಎಂಐಜಿ ಇರೋ ಕಾರ್ಡ್ ಬೇಕು, ಅದ್ರಲ್ಲಿ ಏಳು ಭಾಗದ ತನಕ ಮಾಡ್ಬೋದು. ಗೇಮಿಂಗ್ ಕಾರ್ಡಿಟ್ಕೊಂಡು ಇದನ್ನ ಟೂಲ್‌ಕಿಟ್ಟಿಂದ ನಿರೀಕ್ಷೆ ಮಾಡಿ ಒಂದು ಸ್ಟಾರ್ ಕೊಡೋದು ನ್ಯಾಯ ಅಲ್ಲ.

ನನ್ ಕಡೆಯಿಂದ ನಾಲ್ಕು ಸ್ಟಾರ್, ಕಟ್ ಮಾಡಿದ ಒಂದು ಆ ಪ್ಯಾಚ್‌ಗಳ ಕಥೆಗೆ. ವಿಂಡೋಸಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಸೌಲಭ್ಯ) ಮೂಲಕ ಬಳಸೋರು ಒಂದು ನೆನಪಿಟ್ಕೊಳ್ಳಿ, ಡ್ರೈವರ್ ವಿಂಡೋಸಿಗೆ ಮಾತ್ರ ಹಾಕ್ಬೇಕು, ಲಿನಕ್ಸ್ ಒಳಗೆ ಇನ್ನೊಂದು ಡ್ರೈವರ್ ಹಾಕೋಕೆ ಹೋಗ್ಬೇಡಿ, ಟೂಲ್‌ಕಿಟ್ ಒಂದೇ ಸಾಕು.