ಎಡಗೈ ಕೇಸು: ಲಾಯರ್ ಆಫೀಸಿಗೆ 5ಕ್ಕೆ 3½

2020ರ ಅಕ್ಟೋಬರ್‌ನಲ್ಲಿ ಇಲ್ಲೇ ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಮನೆ ಹತ್ತಿರದ ಫಾರ್ಮಸಿಯಲ್ಲಿ ಫ್ಲೂ ಶಾಟ್ ಹಾಕಿಸಿಕೊಂಡೆ. ನಾನು ಕೂತಿದ್ದೆ, ಹಾಕುವಾತ ನಿಂತಿದ್ದ. ಸೂಜಿ ತೋಳಿಗಲ್ಲ, ಹೆಗಲಿಗೇ ಹೋಯಿತು. ದೀಪಾವಳಿಗೆ ನೆರಿಗೆ ಹೇಗೋ ಸಿಗಿಸಿಕೊಂಡೆ. ಸೆರಗು ಹಾಕಿದ್ದು ಮಗಳು.

ಹೀಗೆ ಲಸಿಕೆ ಚುಚ್ಚಿದ್ದರಿಂದ ಹೆಗಲಿಗೆ ಆಗುವ ಪೆಟ್ಟಿಗೆ ಸಿರ್ವಾ (SIRVA) ಅಂತಾರೆ. ಮದ್ದಿನ ತಪ್ಪಲ್ಲ, ಚುಚ್ಚಿದ ಜಾಗದ್ದು. 2017ರಿಂದ ಇದು ಅಮೆರಿಕ ಸರ್ಕಾರದ ಪರಿಹಾರ ಪಟ್ಟಿಯಲ್ಲಿದೆ. ಫಾರ್ಮಸಿ ಮೇಲೆ ನೇರವಾಗಿ ಕೇಸ್ ಹಾಕುವ ಹಾಗಿಲ್ಲ, ಮೊದಲು ವಾಷಿಂಗ್ಟನ್ನಿನ ‘ವ್ಯಾಕ್ಸಿನ್ ಕೋರ್ಟ್’ಗೆ ಹೋಗಬೇಕು. ದುಡ್ಡು ಬರುವುದು ಲಸಿಕೆ ಮೇಲಿನ ತೆರಿಗೆಯಿಂದ. ಒಂದು ಫ್ಲೂ ಶಾಟಿಗೆ 75 ಸೆಂಟ್.

ಲಾಯರಿಗೆ ನನ್ನ ಮೊದಲ ಪ್ರಶ್ನೆ, ನಿಮಗೆಷ್ಟು ಪರ್ಸೆಂಟ್? ಏನೂ ಇಲ್ಲ ಎಂದರು. ಕೇಸಿನಲ್ಲಿ ಹುರುಳಿದ್ದರೆ ಸಾಕು, ಸೋತರೂ ಅವರ ಫೀಸು ಆ ನಿಧಿಯಿಂದಲೇ. ನಮ್ಮ ಯಜಮಾನರು ನಂಬದೆ ಕಾನೂನನ್ನೇ ತೆಗೆದು ಓದಿದರು. ನಿಜವೇ.

ಸಿಕ್ಕಿಹಾಕಿಕೊಂಡಿದ್ದು ಬೇರೆ ಕಡೆ. ನೋವು ಚುಚ್ಚಿದ 48 ಗಂಟೆಯೊಳಗೆ ಶುರುವಾಗಿರಬೇಕು. ನಾನು ಡಾಕ್ಟರ್ ಹತ್ತಿರ ಹೋಗಿದ್ದು ಐದು ವಾರದ ಮೇಲೆ. ‘ಸುಮಾರು ದಿನದಿಂದ’ ಅಂದಿದ್ದನ್ನು ಅವರು ‘2–3 ವಾರ’ ಎಂದು ಬರೆದುಕೊಂಡಿದ್ದರು! ಲಾಯರ್ ಆಫೀಸಿನ ಹುಡುಗಿಯೊಬ್ಬಳು, ಶಾಟ್ ಹಾಕಿಸಿಕೊಂಡ ದಿನ ಯಾರಿಗಾದರೂ ಮೆಸೇಜ್ ಮಾಡಿದ್ರಾ ಎಂದು ಕೇಳಿದಳು. ಹುಡುಕಿದರೆ, ಅದೇ ರಾತ್ರಿ ಮೈಸೂರಿನ ತಂಗಿಗೆ ಕಳಿಸಿದ ವಾಟ್ಸಾಪ್: ‘ಎಡಗೈ ಎತ್ತಕ್ಕೇ ಆಗ್ತಿಲ್ಲ ಕಣೇ, ಮೂಳೆಗೇ ಹೊಡ್ದ ಅನ್ಸತ್ತೆ.’ ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಅಫಿಡವಿಟ್ ಜೊತೆ ಲಗತ್ತಿಸಿದರು. ಪಾಪ, ಅನುವಾದಕರು ‘ಕಣೇ’ಯನ್ನು ಬಿಟ್ಟೇಬಿಟ್ಟಿದ್ದರು. ಆ ಹುಡುಗಿಗೆ ಐದಕ್ಕೆ ಐದು.

ಉಳಿದ ಒಂದೂವರೆ ಕಳೆದಿದ್ದು ಯಾಕೆಂದರೆ, ಎರಡೂವರೆ ವರ್ಷದಲ್ಲಿ ನನ್ನ ಫೈಲು ಮೂರು ಕೈ ಬದಲಾಯಿತು. ಬಂದವರೆಲ್ಲ ಅದೇ ಎಂಆರ್‌ಐ ಸಿಡಿ ಮತ್ತೆ ಕೇಳಿದರು. ಕೊನೆಕೊನೆಗೆ ನಾಲ್ಕು ಕಾಪಿ ಮಾಡಿಸಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದೆ.

ನೋವಿಗೆ ಪರಿಹಾರದ ಮಿತಿ ಎರಡೂವರೆ ಲಕ್ಷ ಡಾಲರ್. ನನ್ನದು ಅದಕ್ಕಿಂತ ಎಷ್ಟೋ ಕೆಳಗೆ ರಾಜಿಯಾಯಿತು, ಬೇಜಾರಿಲ್ಲ. ಅರ್ಜಿಗೆ ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷ ಸಮಯವಿದೆ. ಕೋವಿಡ್ ಲಸಿಕೆಯ ವಿಷಯಕ್ಕೆ ನನ್ನ ಗೆಳತಿ ಇದೇ ಆಫೀಸಿಗೆ ಫೋನ್ ಮಾಡಿದಳು, ಕೇಸ್ ತೆಗೆದುಕೊಳ್ಳಲಿಲ್ಲ. ಅದಕ್ಕೆ ಬೇರೆಯೇ ಯೋಜನೆ, ಒಂದೇ ವರ್ಷ ಗಡುವು, ಲಾಯರ್ ಫೀಸೂ ಕೊಡಲ್ಲವಂತೆ.

ಫ್ಲೂ ಶಾಟ್ ಈಗಲೂ ಹಾಕಿಸಿಕೊಳ್ಳುತ್ತೇನೆ, ಬಲಗೈಗೆ. ಹಾಕುವವರಿಗೂ ಒಂದು ಕುರ್ಚಿ ಎಳೆದುಕೊಡುತ್ತೇನೆ.