ಪ್ರಾಜೆಕ್ಟ್ ಔಟ್‌ಕಮ್: ಗ್ರಂಥಾಲಯದ ಅನುದಾನ ಅರ್ಜಿಗೆ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ಸಾರ್ವಜನಿಕ ಗ್ರಂಥಾಲಯಗಳ ಅನುದಾನ ಅರ್ಜಿಗಳು ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಕಾರ್ಯಕ್ರಮದ ವಿವರಣೆ ಚೆನ್ನಾಗಿರುತ್ತದೆ, ಬಜೆಟ್ಟಿನ ಲೆಕ್ಕ ತಾಳೆಯಾಗುತ್ತದೆ, ಆಡಳಿತ ಮಂಡಳಿಯ ಸಹಿಯೂ ಬಿದ್ದಿರುತ್ತದೆ. ‘ಇದರಿಂದ ಜನರಲ್ಲಿ ಏನು ಬದಲಾಗುತ್ತದೆ, ಅದನ್ನು ಹೇಗೆ ಅಳೆಯುತ್ತೀರಿ?’ ಎಂಬ ಪ್ರಶ್ನೆಯ ಕೆಳಗೆ ಮಾತ್ರ ‘ಕಳೆದ ಸಲ 48 ಮಂದಿ ಭಾಗವಹಿಸಿದ್ದರು’ ಎಂದು ಬರೆದಿರುತ್ತದೆ. ಬಂದವರ ಸಂಖ್ಯೆ ಹಾಜರಾತಿ ಪುಸ್ತಕದಲ್ಲೇ ಸಿಗುತ್ತದೆ. ಬಂದವರಿಗೆ ಆಮೇಲೆ ಏನಾಯಿತು ಎಂಬುದೇ ಹಣ ಕೊಡುವವರಿಗೆ ಬೇಕಾದದ್ದು.

ಈ ಕೊರತೆಯನ್ನು ನೀಗಿಸಬಲ್ಲ ಸಾಧನಗಳಲ್ಲಿ ಪ್ರಾಜೆಕ್ಟ್ ಔಟ್‌ಕಮ್ ಎಂಬ ಆನ್‌ಲೈನ್ ಸಮೀಕ್ಷಾ ಸಾಧನ ಹೆಚ್ಚು ಪರಿಚಿತವಾದದ್ದು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಒಂದು ವಿಭಾಗವಾದ ಪಬ್ಲಿಕ್ ಲೈಬ್ರರಿ ಅಸೋಸಿಯೇಷನ್, ಗೇಟ್ಸ್ ಫೌಂಡೇಶನ್ನಿನ ನೆರವಿನಿಂದ ಇದನ್ನು ರೂಪಿಸಿ 2015ರಲ್ಲಿ ಬಳಕೆಗೆ ತಂದಿತು. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಇದಕ್ಕೆ ಹಣ ಕೊಡಬೇಕಿಲ್ಲ. ಬೇರೆಡೆಯವರು ಇದೇ ಕ್ರಮವನ್ನು ಕಾಗದದ ಫಾರಂ ಮತ್ತು ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡು ನಡೆಸಬಹುದು. ಇದರ ಬೆಲೆ ಸಾಫ್ಟ್‌ವೇರಿಗಿಂತ ಪ್ರಶ್ನೆಗಳ ಜೋಡಣೆಯಲ್ಲೇ ಹೆಚ್ಚು ಇದೆ. ಅರ್ಜಿ ಬರೆಯುವವರಿಗೆ ಇದು ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಒಳಗೆ ಎಂಟು ವಿಷಯಗಳಿಗೆ ಸಿದ್ಧ ಪ್ರಶ್ನಾವಳಿಗಳಿವೆ: ನಾಗರಿಕ ಭಾಗವಹಿಸುವಿಕೆ, ಡಿಜಿಟಲ್ ಕಲಿಕೆ, ಪುಟ್ಟ ಮಕ್ಕಳ ಅಕ್ಷರಾಭ್ಯಾಸ, ಆರ್ಥಿಕ ಅಭಿವೃದ್ಧಿ, ಶಿಕ್ಷಣ ಹಾಗೂ ಜೀವನಪೂರ್ತಿ ಕಲಿಕೆ, ಆರೋಗ್ಯ, ಉದ್ಯೋಗ ಕೌಶಲ, ಬೇಸಿಗೆ ಓದು. ಕಾರ್ಯಕ್ರಮ ಮುಗಿದ ತಕ್ಷಣ ಕೊಡುವ ಫಾರಂ ಒಂದು, ಕೆಲವು ವಾರಗಳ ನಂತರ ಕೇಳುವ ಫಾರಂ ಇನ್ನೊಂದು. ತಕ್ಷಣದ ಫಾರಂನಲ್ಲಿ ನಾಲ್ಕು ಹೇಳಿಕೆಗಳಿರುತ್ತವೆ. ಹೊಸದೇನಾದರೂ ಕಲಿತೆ, ಧೈರ್ಯ ಹೆಚ್ಚಿತು, ಕಲಿತದ್ದನ್ನು ಬಳಸುವ ಮನಸ್ಸಿದೆ, ಗ್ರಂಥಾಲಯದ ಸೇವೆಗಳ ಬಗ್ಗೆ ಹೆಚ್ಚು ತಿಳಿಯಿತು ಎಂಬ ಧಾಟಿಯವು. ಒಂದೊಂದಕ್ಕೂ ‘ಖಂಡಿತ ಒಪ್ಪುವುದಿಲ್ಲ’ದಿಂದ ‘ಖಂಡಿತ ಒಪ್ಪುತ್ತೇನೆ’ಯವರೆಗೆ ಐದು ಹಂತ. ಕೊನೆಯಲ್ಲಿ ಸ್ವಂತ ಮಾತಿನಲ್ಲಿ ಬರೆಯುವ ಎರಡು ಪ್ರಶ್ನೆ: ಯಾವುದು ಹಿಡಿಸಿತು, ಗ್ರಂಥಾಲಯ ಇನ್ನೇನು ಮಾಡಬೇಕು. ಪುಟ್ಟ ಮಕ್ಕಳ ಕಾರ್ಯಕ್ರಮವಾದರೆ ಫಾರಂ ತುಂಬುವವರು ಮಗುವನ್ನು ಕರೆತಂದ ದೊಡ್ಡವರು. ಈ ಕೊನೆಯ ಸಂಗತಿಯನ್ನು ಅರ್ಜಿಯಲ್ಲಿ ಬಾಯಿಬಿಟ್ಟು ಹೇಳಬೇಕು. ‘ಮಕ್ಕಳು ಕಲಿತರು’ ಎಂದು ಬರೆದು ಪೋಷಕರ ಅಭಿಪ್ರಾಯವನ್ನು ಆಧಾರವಾಗಿ ಕೊಟ್ಟರೆ ಜಾಣ ಪರಿಶೀಲಕರು ಮೊದಲು ಹಿಡಿಯುವುದೇ ಅಲ್ಲಿ.

ಫಾರಂ ಒಂದೇ ಪುಟ ಇರುವುದು ದೊಡ್ಡ ಅನುಕೂಲ. ಹತ್ತಿಪ್ಪತ್ತು ಪ್ರಶ್ನೆಗಳ ಫಾರಂ ಕೊಟ್ಟರೆ ಜನ ಮೊದಲೆರಡಕ್ಕೆ ಗುರುತು ಹಾಕಿ, ಉಳಿದ ಸಾಲುಗಳಿಗೆ ಒಂದೇ ಗೆರೆ ಎಳೆದು ಹೊರಟುಬಿಡುತ್ತಾರೆ. ಆರು ಪ್ರಶ್ನೆಗೆ ಮೂರು ನಿಮಿಷ ಸಾಕು. ಆದರೆ ಆ ಮೂರು ನಿಮಿಷ ಕಾರ್ಯಕ್ರಮದ ಅವಧಿಯೊಳಗೇ ಸಿಗಬೇಕು. ಧನ್ಯವಾದ ಹೇಳಿದ ಮೇಲೆ ಫಾರಂ ಹಂಚಿದರೆ ಅರ್ಧದಷ್ಟು ಜನ ಆಗಲೇ ಬಾಗಿಲಲ್ಲಿರುತ್ತಾರೆ. ಕೊನೆಯ ಚಟುವಟಿಕೆಗೆ ಮೊದಲೇ ಫಾರಂ ಮತ್ತು ಪೆನ್ನು ಕೊಟ್ಟು, ಪಾಠ ಹೇಳಿದವರು ಕೋಣೆಯಿಂದ ಆಚೆ ಹೋಗಿ, ತುಂಬಿದ ಫಾರಂಗಳನ್ನು ಪೆಟ್ಟಿಗೆಗೆ ಹಾಕಿಸುವುದು ಸರಿಯಾದ ಕ್ರಮ. ಪಾಠ ಹೇಳಿದವರೇ ಎದುರು ನಿಂತು ವಸೂಲಿ ಮಾಡಿದರೆ ದಾಕ್ಷಿಣ್ಯಕ್ಕೆ ಎಲ್ಲರೂ ಐದಕ್ಕೆ ಐದು ಕೊಡುತ್ತಾರೆ.

ಹಾಗೆ ನೋಡಿದರೆ, ಈ ಸಾಧನದ ಮುಖ್ಯ ದೌರ್ಬಲ್ಯವೂ ಇದೇ. ಉಚಿತವಾಗಿ ಸಿಕ್ಕ ಒಳ್ಳೆಯ ಕಾರ್ಯಕ್ರಮದ ಕೊನೆಯಲ್ಲಿ, ಸ್ನೇಹದಿಂದ ಮಾತಾಡಿಸಿದ ಸಿಬ್ಬಂದಿಯ ಬಗ್ಗೆ ಯಾರೂ ಕಡಿಮೆ ಅಂಕ ಕೊಡುವುದಿಲ್ಲ. ಗುರುತುಗಳೆಲ್ಲ ನಾಲ್ಕು ಮತ್ತು ಐದರಲ್ಲೇ ಗುಂಪುಗಟ್ಟುತ್ತವೆ. ಸಾಧನದ ಡ್ಯಾಶ್‌ಬೋರ್ಡ್, ಅಂದರೆ ಫಲಿತಾಂಶ ತೋರಿಸುವ ಪುಟ, ಅದನ್ನು ಬಣ್ಣದ ಪಟ್ಟಿಗಳಾಗಿ ತೋರಿಸುತ್ತದೆ. ಅರ್ಜಿ ಬರೆಯುವವರು ಆ ಚಿತ್ರವನ್ನೇ ಎತ್ತಿ ಅಂಟಿಸುತ್ತಾರೆ. ಅನುದಾನ ಸಮಿತಿಯವರ ಮುಂದೆ ಅಂಥ ಚಿತ್ರಗಳು ರಾಶಿ ಬಿದ್ದಿರುತ್ತವೆ.

ಶೇಕಡಾವಾರು ಲೆಕ್ಕದಲ್ಲಿ ಇನ್ನೊಂದು ಅಪಾಯವಿದೆ. ‘ಶೇ. 92ರಷ್ಟು ಮಂದಿಗೆ ಪ್ರಯೋಜನವಾಗಿದೆ’ ಎಂಬ ವಾಕ್ಯ ಕೇಳಲು ಗಟ್ಟಿಯಾಗಿದೆ. 40 ಮಂದಿ ಬಂದು, 13 ಮಂದಿ ಫಾರಂ ಕೊಟ್ಟು, ಅವರಲ್ಲಿ 12 ಮಂದಿ ಒಪ್ಪಿದ್ದರೂ ಬರುವ ಅಂಕಿ ಅದೇ. ಹಿಂತಿರುಗಿಸದ 27 ಮಂದಿಯ ಸುದ್ದಿಯೇ ಇಲ್ಲ. ಹಾಗಾಗಿ ಮೂರು ಅಂಕಿಗಳನ್ನೂ ಒಟ್ಟಿಗೆ ಕೊಡುವುದೇ ಪ್ರಾಮಾಣಿಕ ಕ್ರಮ: ಬಂದವರು, ಉತ್ತರಿಸಿದವರು, ಒಪ್ಪಿದವರು. ಉತ್ತರಿಸಿದವರು ಮೂವತ್ತಕ್ಕಿಂತ ಕಡಿಮೆ ಇದ್ದರೆ ಶೇಕಡಾವಾರು ಬಿಟ್ಟು ನೇರ ಸಂಖ್ಯೆ ಬರೆಯುವುದು ವಾಸಿ. ವರದಿಯಲ್ಲಿ ಸರಾಸರಿಯೂ ಸಿಗುತ್ತದೆ, ಆದರೆ ‘4.3’ ಎಂಬ ಸರಾಸರಿಯಿಂದ ಓದುವವರಿಗೆ ಏನೂ ತಿಳಿಯದು. ನಾಲ್ಕು ಮತ್ತು ಐದನ್ನು ಕೂಡಿಸಿ ‘ಒಪ್ಪಿದವರು’ ಎಂದು ಹೇಳಿದರೆ ಯಾರಿಗೂ ಅರ್ಥವಾಗುತ್ತದೆ.

ಅರ್ಜಿಗೆ ನಿಜವಾದ ಬಂಡವಾಳ ಸಿಗುವುದು ಹೆಚ್ಚಿನವರು ಕಣ್ಣಾಡಿಸಿ ಬಿಡುವ ಜಾಗದಲ್ಲಿ: ‘ಗ್ರಂಥಾಲಯ ಇನ್ನೇನು ಮಾಡಬೇಕು’ ಎಂಬ ಆರನೆಯ ಪ್ರಶ್ನೆ. ಒಂದು ಮಾದರಿ ಲೆಕ್ಕ ನೋಡಿ. ಉದ್ಯೋಗ ಕೌಶಲದ ತರಬೇತಿ, ತಂಡಕ್ಕೆ 16 ಮಂದಿಯಂತೆ ಮೂರು ತಂಡ, ಒಟ್ಟು 48 ಮಂದಿ. ಕಂಪ್ಯೂಟರ್ ಇರುವುದು ಎಂಟು. ಫಾರಂ ಕೊಟ್ಟವರು 31. ‘ಹೊಸದು ಕಲಿತೆ’ ಎಂದವರು 29, ‘ಧೈರ್ಯ ಬಂತು’ ಎಂದವರು 19 ಮಾತ್ರ. ಈ ಹತ್ತು ಮಂದಿಯ ಅಂತರ ಏಕೆ ಎಂದು ಹುಡುಕಿದರೆ ಆರನೆಯ ಪ್ರಶ್ನೆಯಡಿ 11 ಮಂದಿ ಒಂದೇ ದೂರು ಬರೆದಿದ್ದಾರೆ: ಒಂದು ಕಂಪ್ಯೂಟರಿಗೆ ಇಬ್ಬರು, ಪಕ್ಕದವರು ಟೈಪ್ ಮಾಡಿದರು, ನಾನು ನೋಡುತ್ತ ಕೂತೆ.

ಇಷ್ಟು ಕೈಯಲ್ಲಿದ್ದರೆ ಅರ್ಜಿಯ ಮೂರು ಭಾಗಗಳು ತಾವಾಗಿಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಗತ್ಯದ ಭಾಗದಲ್ಲಿ, ಕಲಿಕೆ ಆಗುತ್ತಿದ್ದರೂ ಸ್ವತಃ ಕೈಯಾಡಿಸುವ ಅವಕಾಶ ಸಿಗದೆ ಧೈರ್ಯ ಬರುತ್ತಿಲ್ಲ ಎಂದು ಬರೆಯಬಹುದು. ಬಜೆಟ್ಟಿನಲ್ಲಿ ಇನ್ನೂ ಎಂಟು ಕಂಪ್ಯೂಟರ್ ಕೇಳಬಹುದು, ಅದಕ್ಕೆ ಕಾರಣವೂ ಅಲ್ಲೇ ಇದೆ. ಫಲಿತಾಂಶದ ಭಾಗದಲ್ಲಿ ‘ಧೈರ್ಯ ಬಂತು ಎನ್ನುವವರು 31ರಲ್ಲಿ 19 ಇದ್ದದ್ದು, ಮುಂದಿನ ಸುತ್ತಿನಲ್ಲಿ ಉತ್ತರಿಸಿದ ಪ್ರತಿ 10 ಮಂದಿಯಲ್ಲಿ ಕನಿಷ್ಠ 8 ಆಗಬೇಕು’ ಎಂದು ಗುರಿ ಇಡಬಹುದು. ಎಲ್ಲರೂ ಐದಕ್ಕೆ ಐದು ಕೊಟ್ಟ ಅರ್ಜಿಗಿಂತ ಒಂದು ಕೊರತೆಯನ್ನು ಗುರುತಿಸಿ ಅದಕ್ಕೆ ಹಣ ಕೇಳುವ ಅರ್ಜಿಯೇ ಬಲವಾದದ್ದು. ಗ್ರಂಥಾಲಯಗಳು ಕಡಿಮೆ ಅಂಕವನ್ನು ಮುಚ್ಚಿಡುವುದು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ. ಹಣ ಕೇಳಲು ಅದಕ್ಕಿಂತ ಒಳ್ಳೆಯ ಆಧಾರ ಅವರ ಬಳಿ ಇನ್ನೊಂದಿರುವುದಿಲ್ಲ.

ಕೈಬರಹದ ಉತ್ತರಗಳನ್ನು ಎಣಿಸುವ ಕ್ರಮ ಕಷ್ಟದ್ದೇನಲ್ಲ. ಎಲ್ಲವನ್ನೂ ಒಮ್ಮೆ ಪೂರ್ತಿ ಓದಿ. ಎರಡನೆಯ ಓದಿನಲ್ಲಿ ಪ್ರತಿ ಉತ್ತರದ ಪಕ್ಕ ಒಂದೆರಡು ಪದದ ಗುರುತು ಹಾಕಿ: ಸಮಯ, ಉಪಕರಣ, ಪಾಠದ ವೇಗ, ಸ್ಥಳ, ಹೊಸ ವಿಷಯ. ಆರೇಳು ಗುಂಪು ದಾಟಿದರೆ ಕೂಡಿಸಿ ಕಡಿಮೆ ಮಾಡಿ. ಇಬ್ಬರು ಬೇರೆ ಬೇರೆಯಾಗಿ ಗುರುತು ಹಾಕಿ ಆಮೇಲೆ ಹೋಲಿಸಿದರೆ ಇನ್ನೂ ಒಳ್ಳೆಯದು. ಅರ್ಜಿಗೆ ಹಾಕುವ ಉಲ್ಲೇಖ ಬರೆದವರ ಮಾತಿನಲ್ಲೇ ಇರಲಿ, ಕಾಗುಣಿತ ತಿದ್ದಿ ನಯಮಾಡಬೇಡಿ, ಹೆಸರು ಬೇಡ. ಹೊಗಳಿಕೆಯ ಐದು ಸಾಲುಗಳಿಗಿಂತ, ಒಂದು ಹೊಗಳಿಕೆ ಮತ್ತು ಒಂದು ದೂರು ಇಟ್ಟರೆ ನಂಬಿಕೆ ಹುಟ್ಟುತ್ತದೆ.

ಎರಡನೆಯ ಹಂತದ ಫಾರಂ, ಅಂದರೆ ನಾಲ್ಕರಿಂದ ಎಂಟು ವಾರ ಬಿಟ್ಟು ಕೇಳುವುದು, ಬಹಳ ಕಡೆ ಬಳಕೆಯಾಗದೆ ಉಳಿಯುತ್ತದೆ. ಶ್ರಮ ಹೆಚ್ಚು ಎಂಬುದು ನಿಜ. ಆದರೂ ‘ಬಳಸುವ ಮನಸ್ಸಿದೆ’ ಎಂಬುದಕ್ಕೂ ‘ಬಳಸಿದೆ’ ಎಂಬುದಕ್ಕೂ ಇರುವ ದೂರ ಇಲ್ಲಿ ಮಾತ್ರ ಕಾಣುತ್ತದೆ. ಇದಕ್ಕೆ ಬೇಕಾದ ಸಿದ್ಧತೆ ಮೊದಲ ದಿನವೇ ಆಗಬೇಕು: ಮುಂದೆ ಸಂಪರ್ಕಿಸಬಹುದೇ ಎಂಬ ಒಪ್ಪಿಗೆಯನ್ನು, ಫೋನ್ ನಂಬರನ್ನು ಪ್ರತ್ಯೇಕ ಚೀಟಿಯಲ್ಲಿ ತೆಗೆದುಕೊಳ್ಳಬೇಕು. ಅದೇ ಫಾರಂ ಮೇಲೆ ಬರೆಸಿದರೆ ಹೆಸರಿಲ್ಲದ ಉತ್ತರ ಎಂಬ ಮಾತು ಸುಳ್ಳಾಗುತ್ತದೆ, ಉತ್ತರವೂ ಮೆದುವಾಗುತ್ತದೆ. ಒಪ್ಪಿಗೆ ಕೊಟ್ಟವರಲ್ಲೂ ಅರ್ಧಕ್ಕಿಂತ ಕಡಿಮೆ ಮಂದಿ ಸಿಗಬಹುದು ಎಂದೇ ಲೆಕ್ಕ ಹಾಕಿಕೊಳ್ಳಿ. ಹತ್ತು ಮಂದಿ ಸಿಕ್ಕಿ, ಅವರಲ್ಲಿ ನಾಲ್ವರು ಯಾರ ಸಹಾಯವೂ ಇಲ್ಲದೆ ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಿದ್ದರೆ, ಆ ನಾಲ್ಕು ಎಂಬ ಅಂಕಿ ತಕ್ಷಣದ ಫಾರಂನ ಇಡೀ ರಾಶಿಗಿಂತ ಹೆಚ್ಚು ಹೇಳುತ್ತದೆ.

ಮೂಲ ಪ್ರಶ್ನೆಗಳನ್ನು ಬದಲಿಸಲು ಬರುವುದಿಲ್ಲ, ಸ್ವಂತ ಪ್ರಶ್ನೆ ಸೇರಿಸಬಹುದು. ಆ ಜಾಗವನ್ನು ‘ಈ ತರಬೇತಿಗೆ ಬರುವ ಮೊದಲು ಇದನ್ನು ನೀವೊಬ್ಬರೇ ಎಷ್ಟರಮಟ್ಟಿಗೆ ಮಾಡಬಲ್ಲವರಾಗಿದ್ದಿರಿ, ಈಗ?’ ಎಂಬ ಜೋಡಿ ಪ್ರಶ್ನೆಗೆ ಮೀಸಲಿಡಿ. ಸಿದ್ಧ ಫಾರಂನಲ್ಲಿ ಮೊದಲಿನ ಸ್ಥಿತಿಯ ಅಳತೆ ಇಲ್ಲ, ಬದಲಾವಣೆ ತೋರಿಸಲು ಅದು ಬೇಕೇ ಬೇಕು.

ಅಗತ್ಯದ ವಿವರಣೆ ಪೂರ್ತಿ ಈ ಸಾಧನದಿಂದ ಬರುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಇಲ್ಲಿ ಮಾತಾಡುವವರು ಗ್ರಂಥಾಲಯದ ಒಳಗೆ ಬಂದವರು ಮಾತ್ರ. ಕೆಲಸದ ಪಾಳಿಯಿಂದಾಗಿ ಬರಲಾಗದವರು, ಬಸ್ಸಿಲ್ಲದ ಕಡೆಯವರು, ಮೆಟ್ಟಿಲು ಹತ್ತಲಾಗದವರು ಇದರಲ್ಲಿ ಇಲ್ಲವೇ ಇಲ್ಲ. ಅವರ ಲೆಕ್ಕಕ್ಕೆ ಜನಗಣತಿ, ಶಾಲೆಗಳ ದಾಖಲೆ, ಆ ಜನರೊಡನೆ ನಿತ್ಯ ಕೆಲಸ ಮಾಡುವ ಸಂಘಗಳ ಪತ್ರ ಬೇಕು. ಆ ಪತ್ರದಲ್ಲೂ ‘ಬೆಂಬಲಿಸುತ್ತೇವೆ’ ಎಂದಷ್ಟೇ ಇದ್ದರೆ ಪ್ರಯೋಜನ ಕಡಿಮೆ. ಎಷ್ಟು ಮಂದಿಯನ್ನು ಕಳಿಸುತ್ತಾರೆ, ಯಾವ ಕೋಣೆ ಅಥವಾ ಎಷ್ಟು ಗಂಟೆ ಕೊಡುತ್ತಾರೆ ಎಂಬುದು ಇರಬೇಕು.

ರಾಷ್ಟ್ರದ ಸರಾಸರಿಯೊಂದಿಗೆ ಹೋಲಿಸುವ ಸೌಲಭ್ಯವೂ ಇದೆ. ಅರ್ಜಿಯಲ್ಲಿ ಅದನ್ನು ಹಿಡಿದು ಎಳೆಯಬೇಡಿ. ದೊಡ್ಡ ನಗರದ ಗ್ರಂಥಾಲಯವೂ ಒಬ್ಬರೇ ಸಿಬ್ಬಂದಿಯಿರುವ ಶಾಖೆಯೂ ಕೂಡಿ ಆದ ಸರಾಸರಿ ಅದು. ನಿಮ್ಮದೇ ಹಿಂದಿನ ಸುತ್ತಿನೊಂದಿಗೆ ಹೋಲಿಸಿದರೆ ಸಾಕು.

ಸಾಧನ ಉಚಿತವಾದರೂ ಕೆಲಸ ಉಚಿತವಲ್ಲ. ಕಾಗದದ ಫಾರಂ ಒಂದನ್ನು ಕಂಪ್ಯೂಟರಿಗೆ ಏರಿಸಲು ಎರಡರಿಂದ ಮೂರು ನಿಮಿಷ. 60 ಫಾರಂಗೆ ಎರಡು ಮೂರು ಗಂಟೆ. ಕೈಬರಹ ಓದಿ ಗುಂಪು ಮಾಡಲು ಅರ್ಧ ದಿನ. ಮರುಸಂಪರ್ಕದ ಫೋನ್ ಕರೆಗಳಿಗೆ, ಎತ್ತದವರಿಗೆ ಮತ್ತೆ ಮಾಡುವುದೂ ಸೇರಿ, ತಲಾ ಹತ್ತು ನಿಮಿಷ. ಈ ಗಂಟೆಗಳನ್ನು ಬಜೆಟ್ಟಿನಲ್ಲಿ ‘ಮೌಲ್ಯಮಾಪನ’ ಎಂಬ ಪ್ರತ್ಯೇಕ ಸಾಲಾಗಿ ತೋರಿಸಿ. ಒಟ್ಟು ವೆಚ್ಚದ ಶೇ. 5ರಿಂದ 10 ಎಂಬುದು ರೂಢಿಯಲ್ಲಿರುವ ಅಳತೆ. ಹಣ ಕೊಡುವ ಸಂಸ್ಥೆ ಸಂಬಳಕ್ಕೆ ಕೊಡುವುದಿಲ್ಲ ಎಂದಿದ್ದರೆ, ಅದೇ ಗಂಟೆಗಳನ್ನು ಗ್ರಂಥಾಲಯದ ಸ್ವಂತ ಕೊಡುಗೆಯ ಕಾಲಂಗೆ ಹಾಕಿ. ಮೌಲ್ಯಮಾಪನ ಮಾಡುತ್ತೇವೆ ಎಂದು ಬರೆದು ಬಜೆಟ್ಟಿನಲ್ಲಿ ಅದಕ್ಕೆ ಏನೂ ಇಡದಿದ್ದರೆ, ಮಾತು ಮತ್ತು ಲೆಕ್ಕ ಹೊಂದುವುದಿಲ್ಲ ಎಂದು ಅಂಕ ಕಡಿತವಾಗುತ್ತದೆ.

ಕಡೆಯ ದಿನಾಂಕ ನೋಡಿಕೊಂಡು ಇದನ್ನು ಕೈಗೆತ್ತಿಕೊಂಡರೆ ಸಮಯ ಸಾಲದು. ಒಂದು ಸುತ್ತಿನ ಕಾರ್ಯಕ್ರಮ, ಎಂಟು ವಾರದ ಕಾಯುವಿಕೆ, ಲೆಕ್ಕ, ಬರವಣಿಗೆ, ಮಂಡಳಿಯ ಒಪ್ಪಿಗೆ ಇವೆಲ್ಲ ಸೇರಿ ಐದಾರು ತಿಂಗಳು ಬೇಕು. ಅಷ್ಟು ಅವಧಿ ಇಲ್ಲದಿದ್ದರೆ ತಕ್ಷಣದ ಫಾರಂ ಮಾತ್ರ ಬಳಸಿ, ಮರುಸಂಪರ್ಕವನ್ನು ಮುಂದೆ ಮಾಡುವ ಕೆಲಸವೆಂದು ಅರ್ಜಿಯಲ್ಲಿ ನೇರವಾಗಿ ಬರೆಯಿರಿ. ಪ್ರತಿ ಸುತ್ತು ಮುಗಿದ ಕೂಡಲೇ ಕಚ್ಚಾ ಉತ್ತರಗಳನ್ನು ಡೌನ್‌ಲೋಡ್ ಮಾಡಿ, ದಿನಾಂಕ ಮತ್ತು ಹಾಜರಾತಿ ಸಂಖ್ಯೆಯ ಸಮೇತ ಗ್ರಂಥಾಲಯದ ಸ್ವಂತ ಕಡತದಲ್ಲಿಡಿ. ಅನುದಾನ ಬಂದ ಮೇಲೆ ಅಂತಿಮ ವರದಿ ಕೇಳುವ ಹೊತ್ತಿಗೆ ಲಾಗಿನ್ ಇಟ್ಟುಕೊಂಡಿದ್ದ ಸಿಬ್ಬಂದಿ ಬೇರೆಡೆ ಹೋಗಿರಬಹುದು, ಆಗ ಕೈಗೆ ಸಿಗುವುದು ಈ ಕಡತ ಮಾತ್ರ.